ಪ್ಲಾಂಟ್ ರೂಮಿನ ಹನ್ನೊಂದು ಗೆರೆ

ಹೆರಿಗೆ ಆಸ್ಪತ್ರೆಯ ಮೂರನೇ ಮಹಡಿಯವರಿಗೆ ಸೆಕೆ, ನಾಲ್ಕನೇ ಮಹಡಿಯವರಿಗೆ ನಡುಕ. ಇಬ್ಬರೂ ಬೈಯುವುದು ಎಸಿ ಮೆಕ್ಯಾನಿಕ್‌ನನ್ನೇ. ಹದಿನೆಂಟು ವರ್ಷ ಬೈಸಿಕೊಂಡು, ಏಣಿ ಹತ್ತಿ ಇಳಿದು, ಅವನು ಆ ಕಟ್ಟಡವನ್ನು ಸಂಭಾಳಿಸಿದ್ದ. ಆಮೇಲೆ ಕಂಪ್ಯೂಟರ್ ಬಂತು. ಗಾಳಿ, ತಂಪು ಎಲ್ಲ ಇನ್ನು ತಾನಾಗಿಯೇ ನಡೆಯುತ್ತದೆ ಎಂದರು. ಅದನ್ನು ನೋಡಿಕೊಳ್ಳುವ ಮೂರು ದಿನದ ತರಬೇತಿಗೆ ಕಳಿಸಿದ್ದು ಯಾರನ್ನು? ಅವನೇ ಕೈಹಿಡಿದು ಕೆಲಸಕ್ಕೆ ಸೇರಿಸಿದ್ದ ಭಾಮೈದನನ್ನು.

ಮೆಕ್ಯಾನಿಕ್‌ಗೆ ಹೊಟ್ಟೆ ಧಗಧಗ ಉರಿಯಿತು. ಸಾಲದ್ದಕ್ಕೆ ಹೆಂಡತಿ ತಮ್ಮನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಟಿವಿಯ ಮೇಲೆ ತೂಗುಹಾಕಿದಳು. ಟಿವಿ ನೋಡಬೇಕೆಂದರೆ ಅದನ್ನೂ ನೋಡಲೇಬೇಕು.

"ಮೂರು ದಿನದಲ್ಲಿ ಅವನು ಏನು ಕಲಿತಾನೆ?"

"ಕಲಿತಿದ್ದಾನೆ ಅಂತ ಬರೆದಿದೆಯಲ್ಲ, ಸಹಿನೂ ಇದೆ" ಎಂದಳು ಹೆಂಡತಿ.

ಭಾಮೈದ ಕಲಿತದ್ದು ಅಷ್ಟಕ್ಕಷ್ಟೇ. ದೂರು ಬಂದಾಗಲೆಲ್ಲ ಎಸಿ ಯಂತ್ರಗಳಿರುವ ಪ್ಲಾಂಟ್ ರೂಮಿಗೆ ಓಡಿ ಬಂದು, ಆ ಮಹಡಿಯ ಸ್ವಿಚ್ಚನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿ, ಕೈಯಾರೆ ಗಾಳಿ ಹೆಚ್ಚು ಕಡಿಮೆ ಮಾಡಿ ಹೋಗುತ್ತಿದ್ದ. ಮತ್ತೆ ಆಟೋಗೆ ಹಾಕಲು ಮರೆಯುತ್ತಿದ್ದ. ಆಮೇಲೆ ಆ ಮಹಡಿ ಕಂಪ್ಯೂಟರಿನ ಮಾತು ಕೇಳುತ್ತಿರಲಿಲ್ಲ. ಮೆಕ್ಯಾನಿಕ್ ಮೂಲೆಯಲ್ಲಿ ಕೂತು ನೋಡುತ್ತಿದ್ದ. ಒಂದೊಂದು ಮರೆವಿಗೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ. ಎಂಟನೆಯದು ಹಸುಗೂಸುಗಳ ಕೋಣೆಯದು. ಆವತ್ತು ನರ್ಸಮ್ಮ ಇಡೀ ದಿನ ಕೂಸುಗಳಿಗೆ ಎರಡೆರಡು ಹೊದಿಕೆ ಸುತ್ತಿದ್ದಳು. ಆಗಲೂ ಅವನು ಗೆರೆ ಎಳೆದನೇ ಹೊರತು ತುಟಿ ಬಿಚ್ಚಲಿಲ್ಲ. ಭಾಮೈದ ಮುಗ್ಗರಿಸಲಿ, ಕಂಪ್ಯೂಟರ್ ಮುಂದಿನ ಆ ಕುರ್ಚಿ ತನಗೆ ಬರಲಿ ಎಂಬುದೊಂದೇ ಆಸೆ.

ಮೂರು ತಿಂಗಳಾದ ಮೇಲೆ ತರಬೇತಿ ಕೊಟ್ಟ ಮೇಡಂ ಭಾಮೈದನ ಕೆಲಸ ನೋಡಲು ಬಂದರು. ಪ್ರಶ್ನೆಪತ್ರಿಕೆ ಇಲ್ಲ. "ನಾಲ್ಕನೇ ಮಹಡಿ ಯಾಕೆ ತಣ್ಣಗಿದೆ, ಹುಡುಕಿ ಸರಿಮಾಡಿ ತೋರಿಸಿ" ಎಂದರು.

ಭಾಮೈದ ಪರದೆ ನೋಡಿದ, ಸ್ವಿಚ್ಚು ನೋಡಿದ, ಬೆವರಿದ. "ಪರದೆ ಮೇಲಿನ ಚಿತ್ರ ಗೊತ್ತು ಮೇಡಂ. ಗಾಳಿ ತಡೆಯೋ ಬಾಗಿಲು ಚಾವಣಿಯಲ್ಲಿ ಎಲ್ಲಿದೆ ಅಂತ ಗೊತ್ತಿಲ್ಲ."

ಮೆಕ್ಯಾನಿಕ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಮೇಡಂ ಕಣ್ಣು ಗೋಡೆಯ ಮೇಲೆ ಬಿತ್ತು.

"ಇದೇನು ಗೆರೆ?"

"ಇವನು ಆಟೋಗೆ ಹಾಕೋದು ಮರೆತ ಲೆಕ್ಕ. ಹನ್ನೊಂದು ಸಲ."

"ಹನ್ನೊಂದು ಸಲವೂ ನೋಡಿದ್ರಾ?"

"ನೋಡಿದೆ."

"ಅವರಿಗೆ ಹೇಳಿದ್ರಾ?"

ಅವನು ಕೈಯಲ್ಲಿದ್ದ ಸೀಮೆಸುಣ್ಣವನ್ನು ಜೇಬಿಗೆ ತುರುಕಿದ. ಭಾಮೈದ ತಗ್ಗಿದ ದನಿಯಲ್ಲಿ ಕೇಳಿದ: "ಒಂದು ಸಲ ಹೇಳಬಾರದಿತ್ತಾ ಭಾವ? ನಿಮ್ಮನ್ನ ಕೇಳೋಕೆ ನನಗೆ ನಾಚಿಕೆ ಆಗ್ತಿತ್ತು."

ಮೆಕ್ಯಾನಿಕ್‌ನ ಕಣ್ಣು ಎಂಟನೇ ಗೆರೆಯ ಮೇಲೆ ನಿಂತಿತು. "ಇದು ಕೂಸುಗಳ ಕೋಣೆದು" ಎಂದ. "ಇದು ನನ್ನ ತಪ್ಪು." ನಾಚಿಕೆಯಿಂದ ಅವನ ತಲೆ ತಗ್ಗಿತು.

"ನನ್ನದೂ ಇದೆ" ಎಂದರು ಮೇಡಂ. "ಮೂರು ದಿನ ಕೂತಿದ್ದರು ಅನ್ನೋದಕ್ಕೆ ಸರ್ಟಿಫಿಕೇಟ್ ಸಾಕ್ಷಿ. ಕೆಲಸ ಕೈಗೆ ಹತ್ತಿತೋ ಇಲ್ಲವೋ ಇಲ್ಲಿ ಬಂದು ನೋಡಿದರೇ ಗೊತ್ತಾಗೋದು. ಮೊದಲನೇ ತಿಂಗಳೇ ಬರಬೇಕಿತ್ತು. ಇನ್ನು ವಾರಕ್ಕೊಮ್ಮೆ ನೀವಿಬ್ಬರೂ ಸೇರಿ ಎಲ್ಲ ಸ್ವಿಚ್ಚು ನೋಡಿ. ಅವರು ಪರದೆ ಕಲಿಸಲಿ, ನೀವು ಚಾವಣಿ ತೋರಿಸಿ. ನಾನು ತಿಂಗಳು ತಿಂಗಳು ಬರ್ತೀನಿ."

ಮೆಕ್ಯಾನಿಕ್ ಆವತ್ತೇ ನಾಲ್ಕನೇ ಮಹಡಿಯಲ್ಲಿ ಏಣಿ ಹಾಕಿ, ಗಾಳಿ ತಡೆಯುವ ಬಾಗಿಲು ತೋರಿಸಲು ಭಾಮೈದನನ್ನು ಮೊದಲು ಹತ್ತಿಸಿದ. ಮುಂದಿನ ತರಬೇತಿಗೆ ತಾನೂ ಹೋಗಿ ಬಂದ. ಈಗ ಟಿವಿಯ ಮೇಲೆ ಎರಡು ಕಟ್ಟುಗಳಿವೆ. ಭಾಮೈದನದು ಒಂದು ಬೆರಳು ಮೇಲಿದೆ ಎಂದು ಅವನಿಗೆ ಇನ್ನೂ ಒಳಗೊಳಗೇ ಉರಿ. ಆದರೆ ಹೆಂಡತಿ ಈಗ ಕಟ್ಟು ತೋರಿಸಿ ಬೀಗುವುದಿಲ್ಲ. "ಈ ವಾರ ಸ್ವಿಚ್ಚು ನೋಡಿದ್ರಾ?" ಎಂದು ಇಬ್ಬರನ್ನೂ ಕೇಳುತ್ತಾಳೆ.

ಓದುತ್ತಿರುವ ನೀವು, ನಿಮ್ಮ ಕಟ್ಟಡದಲ್ಲಿ ತರಬೇತಿ ಪಡೆದವರನ್ನು ತಿಂಗಳಾದ ಮೇಲೆ ಒಮ್ಮೆ ಕೇಳಿ: ಮಾಡಿ ತೋರಿಸುತ್ತೀರಾ? ಮರೆತಿದ್ದರೆ ನಗಬೇಡಿ, ಮತ್ತೆ ಹೇಳಿಕೊಡಿ. ಜೊತೆಗಾರ ತಪ್ಪಿದ್ದು ನಿಮ್ಮ ಕಣ್ಣಿಗೆ ಬಿದ್ದರೆ, ಎರಡನೇ ಗೆರೆಗೆ ಕಾಯಬೇಡಿ.