ಗುಡಿಸದೆ ಬಿಟ್ಟ ಚಿನಾರ್ ಎಲೆಗಳು

೧
ಎಲೆಯ ಬಣ್ಣದಿಂದ ಶುರುಮಾಡಲೇ, ಪೊರಕೆಯಿಂದಲೇ? ಬಣ್ಣದ ಡ್ರಾಫ್ಟ್ ಹೀಗಿತ್ತು: ‘ಶ್ರೀನಗರದ ನಮ್ಮ ಓಣಿಯ ಚಿನಾರ್ ಮರಗಳು ಹೊತ್ತಿ ಉರಿಯುತ್ತಿದ್ದವು.’ ಓದುಗರೇ, ಅದನ್ನು ಹರಿದುಹಾಕಿದ್ದು ನಾನಲ್ಲ. ಪಕ್ಕದ ಮನೆಯ ಫಾಜಿ.

“ಉರಿಯುತ್ತಂತೆ! ಕಥೆಗಾರಪ್ಪಾ, ಅದು ಉರಿಯೋಕೆ ನಾನು ಗುಡಿಸ್ಬೇಕು, ರಾಶಿ ಹಾಕ್ಬೇಕು, ಕಡ್ಡಿ ಗೀರ್ಬೇಕು, ಬೂದಿಯಾಗೋಕೆ ಮುಂಚೆ ನೀರು ಚಿಮುಕಿಸ್ಬೇಕು. ಆಗ ಇದ್ದಲು. ಚಳಿಗಾಲ ಪೂರ್ತಿ ಮಡಿಲಲ್ಲಿಟ್ಟು ಮೈ ಕಾಯಿಸ್ಕೊಳ್ಳೋ ಕೆಂಡದ ಬುಟ್ಟಿಗೆ, ಕಾಂಗ್ಡಿಗೆ, ಅದೇ ಗತಿ. ನಿನ್ನ ವಾಕ್ಯ ತುಂಬಿದ್ರೆ ಕಾಂಗ್ಡಿ ಬಿಸಿಯಾಗುತ್ತಾ?”

ಆಗುವುದಿಲ್ಲ.

೨
ಸರಿ, ಪೊರಕೆ. ಅದು ಗೋಡೆಗೆ ಒರಗಿಯೇ ಇದೆ. ಓಣಿಯವರೆಲ್ಲ ಗುಡಿಸಿ, ಸುಟ್ಟು, ಇದ್ದಲನ್ನು ಚೀಲಕ್ಕೆ ತುಂಬಿಟ್ಟಾಯಿತು. ಫಾಜಿಯ ಅಂಗಳದಲ್ಲಿ ಮಾತ್ರ ಎಲೆ ಮೊಣಕಾಲಿನವರೆಗೆ. ಕಾರಣ ಅವಳ ತಂಗಿ ಜೂನಿ; ಆಸ್ಪತ್ರೆಯಲ್ಲಿದ್ದಾಳೆ. ಡಾಕ್ಟರು ಏನನ್ನೂ ಬಿಡಿಸಿ ಹೇಳುತ್ತಿಲ್ಲ. ಅಲ್ಲಿಂದ ಜೂನಿಯೇ ಫೋನು ಮಾಡಿದ್ದಳು: “ಅಕ್ಕಾ, ನಾನು ಬರೋವರೆಗೂ ಗುಡಿಸ್ಬೇಡ್ವೇ. ಡಿಸ್ಚಾರ್ಜ್ ಆದ ಕೂಡ್ಲೇ ನಿನ್ನಲ್ಲಿಗೇ ಬರ್ತೀನಿ. ಇಲ್ಲಿ ಕಿಟಕಿ ತೆಗೆದ್ರೆ ಎದುರಿಗೊಂದು ಗೋಡೆ, ಅದಕ್ಕೂ ಸುಣ್ಣ.”

(ಇಲ್ಲಿ ಬಣ್ಣಗಳ ಮೇಲೊಂದು ಉದ್ದನೆಯ ಪ್ಯಾರಾ ಇತ್ತು. ಉಳಿದದ್ದು ಇಷ್ಟು: ಒಂದೇ ಎಲೆಯಲ್ಲಿ ಅಂಚಿಗೆ ಕುಂಕುಮ, ನಡುವೆ ಬೆಲ್ಲ, ನರದ ಗುಂಟ ಇನ್ನೂ ಹಟ ಬಿಡದ ಹಸಿರು. ಜೂನಿಗೆ ಬೇಕಿರುವುದು ಅದು.)

೩
ಮೋಡ ಕವಿದಿದೆ. ನೆನೆದ ಎಲೆ ಹೊಗೆಯಾದೀತು, ಇದ್ದಲಾಗದು. ಹೆಂಗಸರು ಹೋಗುತ್ತ ಬರುತ್ತ ಚುಚ್ಚುತ್ತಾರೆ: “ಏನೇ ಫಾಜಿ, ಈ ವರ್ಷ ಹಿಮ ನಿಮ್ಮನೆ ಬಿಟ್ಟು ಬೀಳುತ್ತಂತಾ?”

ನಾನೊಂದು ಅಂತ್ಯ ಬರೆದೆ: ಜೂನಿ ಬರುತ್ತಾಳೆ, ಅಂಗಳವನ್ನು ಕಣ್ತುಂಬ ನೋಡುತ್ತಾಳೆ, “ಇನ್ನೂ ಗುಡಿಸಿಲ್ವಾ, ಸೋಮಾರಿ? ತಾ ಪೊರಕೆ” ಎನ್ನುತ್ತಾಳೆ. ಓದಿ ಹೇಳಿದೆ. ಫಾಜಿ ನಕ್ಕಳು. “ಅವಳು ಹಾಗೇ ಅನ್ನೋಳು. ಆದ್ರೆ ಬರೀಬೇಡ.”

ಇನ್ನೊಂದು ಅಂತ್ಯದಲ್ಲಿ ಜೂನಿಗಿಂತ ಮಳೆ ಮೊದಲು ಬರುತ್ತದೆ. ಅದನ್ನು ಓದಿ ಹೇಳಲಿಲ್ಲ. ಫಾಜಿ ನನ್ನ ಮುಖ ನೋಡಿಯೇ ಕೇಳಿಸಿಕೊಂಡಳು.

೪
ಜೂನಿಯ ಗಂಡನ ಫೋನು: “ಹೊರಟಿದ್ದೀವಿ.” ಹೇಗಿದ್ದಾಳೆ ಎಂದು ಫಾಜಿ ಕೇಳುವಷ್ಟರಲ್ಲಿ ಕಟ್ ಆಯಿತು. ಮತ್ತೆ ಮಾಡಿದರೆ ಎತ್ತುತ್ತಿಲ್ಲ.

೫
ಕಾರು ಓಣಿಗೆ ತಿರುಗಿದೆ. ತೀರ ನಿಧಾನವಾಗಿ ಬರುತ್ತಿದೆ. ಗುಣವಾದವರನ್ನು ಕರೆತರುವ ಕಾರು ಹೀಗೇ ಬರುತ್ತದೆ. (ಇನ್ನೊಂದು ಬಗೆಯ ಕಾರೂ.)

ಫಾಜಿ ನನ್ನ ಪೆನ್ನಿಗೆ ಕೈ ಅಡ್ಡ ಹಿಡಿದಳು.

“ಬಾಗ್ಲು ತೆಗೆಯೋ ತನಕ ಬರಿ. ಆಮೇಲೆ ಬೇಡ. ಯಾರು ಇಳೀತಾರೆ ಅಂತ ನಾನೇ ನೋಡ್ಕೋತೀನಿ.”

ಎಲೆಗಳ ನಡುವೆ ಕಾರು ನಿಂತಿತು. ಬಾಗಿಲು ತೆರೆಯಿತು.