ಡಂಪ್ಸಿ ಹಿಂಗಲ್ಲ ನಡೆಯೋದು

"ಕೈ ತೆಗಿ ಮೊದ್ಲು!" ಗಂಡನ ಶವಪೆಟ್ಟಿಗೆಯ ಮೇಲೆ ಊರಿದ್ದ ಹಳದಿ ರೆಕ್ಕೆಗೆ ಆರ್ಡಿತ್ ಕೈಚೀಲದಿಂದ ಪಟ್ಟನೆ ಬಾರಿಸಿದಳು.

ಸಿನಿಮಾ ಸ್ಟುಡಿಯೋಗಳ ಊರಾದ ಬರ್ಬ್ಯಾಂಕಿನ ಆ ಚರ್ಚಿನೊಳಗೆ ಆಳೆತ್ತರದ ಗೌಜಲಹಕ್ಕಿಯೊಂದು ತಲೆ ತಗ್ಗಿಸಿ ನಿಂತಿತು. ಡಂಪ್ಸಿ. ಅವಳ ಗಂಡ ಮರ್ಲ್ ಜೀವಮಾನವಿಡೀ ಬರೆದ ಕಾರ್ಟೂನು ಹಕ್ಕಿ. ಬದುಕಿದ್ದಾಗ ಪರದೆಯ ಮೇಲೆ ಅವನ ಹೆಸರಿಗೆ ಜಾಗವಿಲ್ಲ ಎಂದಿದ್ದ ಸ್ಟುಡಿಯೋ, ಸತ್ತ ಮೇಲೆ ಈ ಹಕ್ಕಿಯ ವೇಷದವನನ್ನೂ ಟೀವಿಯವರನ್ನೂ ಕಳಿಸಿತ್ತು. ಥೂ, ಇವರ ಮುಖಕ್ಕೆ ನಾಚಿಕೆಯನ್ನು ಯಾರೂ ಬರೆದುಕೊಟ್ಟಿರಲಿಲ್ಲ.

"ಪೆಟ್ಟಿಗೆ ಮುಂದೆ ನಡ್ಕೊಂಡು ಹೋಗು ಅಂದಿದಾರೆ ಮೇಡಂ," ಒಳಗಿನ ದನಿ ಗೋಗರೆಯಿತು.

"ಎಲ್ಲಿ, ನಡಿ ನೋಡಣ."

ಅವನು ನಡೆದ. ಹೆಗಲು ಕೊಡಲು ಬಂದಿದ್ದ, ಸ್ಟುಡಿಯೋದಲ್ಲಿ ಮರ್ಲ್ ಜೊತೆ ಚಿತ್ರ ಬರೆಯುತ್ತಿದ್ದ ಮುದುಕ ಗಸ್ ಮುಖ ಕಿವುಚಿದ. "ಮೂಲವ್ಯಾಧಿ ಆದ ಪೊಲೀಸಪ್ಪ ಇದ್ದಂಗಿದಾನೆ!"

ಆರ್ಡಿತ್ ಟೀವಿಯವರ ಕ್ಯಾಮೆರಾದತ್ತ ನೋಡಿದಳು. ಇವತ್ತು ರಾತ್ರಿ ಊರೆಲ್ಲ ನೋಡುವುದು ಈ ಸುಳ್ಳು ನಡಿಗೆಯನ್ನು. ನಿಜದ್ದು ಗೊತ್ತಿರುವವಳು ಅವಳೊಬ್ಬಳೇ.

*

ಯುದ್ಧದ ಕಾಲ. ಅವಳು ಆಗ ಎಂಟು ತಿಂಗಳ ಬಸುರಿ. ಅಡುಗೆಮನೆಯಿಂದ ಬಾಗಿಲಿಗೂ ಬಾಗಿಲಿನಿಂದ ಅಡುಗೆಮನೆಗೂ ಮರ್ಲ್ ಅವಳನ್ನು ಓಡಾಡಿಸಿದ.

"ಇನ್ನೊಂದ್ಸಲ ಚಿನ್ನ, ಬೆನ್ನು ನೋವಿಗೆ ಒಳ್ಳೇದು."

ಅವನು ತೊಡೆಯ ಮೇಲಿಟ್ಟುಕೊಂಡು ಚಿತ್ರ ಗೀಚುತ್ತಿದ್ದ ಕಾಗದ ಅವಳಿಗೆ ಕಾಣಲಿಲ್ಲ. ಮರುವರ್ಷ ಟಾಕೀಸಿನಲ್ಲಿ ಡಂಪ್ಸಿ ಹೊಟ್ಟೆ ಮುಂದೆ ಮಾಡಿ, ಸೊಂಟಕ್ಕೆ ರೆಕ್ಕೆ ಕೊಟ್ಟು, ಬೀದಿಯೇ ತನ್ನದೆಂಬಂತೆ ತೂಗುತ್ತ ಬಂತು. ಜನ ಬಿದ್ದು ಬಿದ್ದು ನಕ್ಕರು.

"ಅದು ನಾನಲ್ವೇನೋ, ಹಾಳಾದೋನೆ?"

"ಯಾರಿಗೂ ಹೇಳಲ್ಲ ಕಣೆ, ನಿನ್ನಾಣೆ!"

ಸಾಯುವವರೆಗೂ ಅವನು ಹೇಳಲಿಲ್ಲ. ಅವಳು ಮಾತ್ರ ಗುಟ್ಟು ರಟ್ಟಾದೀತೆಂದು ಅಂದಿನಿಂದ ಜನರೆದುರು ಕೋಲು ನುಂಗಿದವಳಂತೆ ನಡೆದಳು.

*

"ಪಕ್ಕಕ್ಕೆ ನಿಂತ್ಕೊ. ಕಣ್ಬಿಟ್ಟು ನೋಡು," ಎಂದಳು ಆರ್ಡಿತ್.

ಕೈಚೀಲವನ್ನು ಪಾದ್ರಿಯ ಕೈಗೆ ತುರುಕಿದಳು. ಬೆನ್ನು ಹಿಂದಕ್ಕೆ ಬಾಗಿಸಿ, ಸೊಂಟಕ್ಕೆ ಕೈ ಕೊಟ್ಟು, ಬೆಂಚುಗಳ ನಡುವೆ ಹೊರಟಳು.

"ಅಯ್ಯೋ ದೇವ್ರೆ!" ಗಸ್ ಕೂಗಿದ. "ಇಷ್ಟು ವರ್ಷ ನಾವು ಬರ್ದಿದ್ದು ನಿನ್ನ ಕುಂಡೆನಾ?"

"ಹೂಂ. ಬಾಯ್ಮುಚ್ಕೊಂಡು ಎತ್ರೋ ಈಗ!"

ಪಾದ್ರಿ ಗೋಡೆಯತ್ತ ತಿರುಗಿಕೊಂಡ. ಅವನ ಭುಜ ಕುಲುಕುತ್ತಿತ್ತು. ಗಸ್ ಮತ್ತು ಹೆಗಲು ಕೊಡಲು ಬಂದಿದ್ದ ಉಳಿದ ಮುದುಕರು ಕಣ್ಣೊರೆಸಿಕೊಂಡು ಪೆಟ್ಟಿಗೆ ಎತ್ತಿದರು. ಮುಂದೆ ಆರ್ಡಿತ್, ಅವಳ ಹೆಜ್ಜೆಗೆ ಹೆಜ್ಜೆ ಸೇರಿಸುತ್ತ ಗೌಜಲಹಕ್ಕಿ, ಅದರ ಹಿಂದೆ ನಗು ತಡೆಯಲಾಗದೆ ತತ್ತರಿಸುತ್ತಿದ್ದ ಆ ಹೆಗಲುಗಳ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತ, ಮರ್ಲ್ ಬಿಸಿಲಿಗೆ ಬಂದ.