ಗುವಾಹಟಿ ಬರೀ ಮೂರು ಗಂಟೆ

ಸೇಲಂನ ವೆಂಕಟರಾಮ ಮಗನಿಗೆ ಹೆಣ್ಣು ನೋಡಲು ಪಾಪಿರೆಡ್ಡಿಪಟ್ಟಿಗೆ ಬಂದವರು ಹುಡುಗಿಯನ್ನು ಸರಿಯಾಗಿ ನೋಡುವ ಮೊದಲೇ ಭೂಗೋಳದ ಪಾಠ ಶುರುಮಾಡಿದರು. ಮಗ ಗುರುಚರಣ್ ಗುವಾಹಟಿಯಲ್ಲಿ ಬ್ಯಾಂಕ್ ಅಧಿಕಾರಿ. ಹುಡುಗಿ ಪ್ರಣತಿ ಧರ್ಮಪುರಿಯ ಶಾಲೆಯಲ್ಲಿ ಟೀಚರ್. ಅಷ್ಟು ದೂರ ಕೊಟ್ಟರೆ ಮೊಮ್ಮಗಳ ಮುಖ ನೋಡುವುದು ಯಾವಾಗ ಎಂದು ಅವಳ ತಾತ ಸುಬ್ಬರಾಯಪ್ಪ ಕೇಳಿದರು.

“ದೂರ ಎಲ್ಲೈತೆ? ಬೆಂಗಳೂರಲ್ಲಿ ಫ್ಲೈಟ್ ಹತ್ತಿದ್ರೆ ಬರೀ ಮೂರು ಗಂಟೆ,” ಎಂದರು ವೆಂಕಟರಾಮ.

ವಿಮಾನ ನಿಲ್ದಾಣ ಪಾಪಿರೆಡ್ಡಿಪಟ್ಟಿ ಬಸ್ ಸ್ಟ್ಯಾಂಡಿನ ಹಿಂದೆಯೇ ಇರುವಂತಿತ್ತು ಅವರ ಧಾಟಿ. ಅವರ ಹೆಂಡತಿ ಭಾಮಾ ಏನೋ ಹೇಳಲು ಹೋಗಿ, ಕಾಫಿ ಲೋಟ ಬಾಯಿಗಿಟ್ಟರು.

ನಿಶ್ಚಿತಾರ್ಥ ಧರ್ಮಪುರಿ ಪಕ್ಕದ ಅದಿಯಮಾನ್‌ಕೋಟೆಯ ಕಲ್ಯಾಣ ಮಂಟಪದಲ್ಲಿ. ಗುರುಚರಣ್ ಹಿಂದಿನ ದಿನವೇ ಹೊರಟಿದ್ದ. ಗುವಾಹಟಿಯಲ್ಲಿ ಮಂಜು ಮುಸುಕಿ ವಿಮಾನ ಏಳಲಿಲ್ಲ. ಕೊನೆಗೆ ಕೋಲ್ಕತ್ತಾ ಸುತ್ತಿಸಿ ಕಳಿಸಿದರು. ಬೆಂಗಳೂರಲ್ಲಿ ಇಳಿದರೆ ಹೊಸೂರು ರಸ್ತೆಯಲ್ಲಿ ಲಾರಿಗಳ ಸಾಲು. ಇತ್ತ ಮುಹೂರ್ತ ಮೀರುತ್ತದೆಂದು ವರನಿಲ್ಲದೆಯೇ ಹಿರಿಯರು ತಾಂಬೂಲ ಬದಲಾಯಿಸಿಕೊಂಡರು, ನೆಂಟರು ಪಾಯಸ ಮುಗಿಸಿದರು. ವೆಂಕಟರಾಮ ಮಾತ್ರ ಪ್ರತಿ ಎಲೆಯ ಮುಂದೆ ನಿಂತು, ಆಕಾಶದಲ್ಲಿ ಇರೋದು ಈಗಲೂ ಮೂರೇ ಗಂಟೆ, ಮಿಕ್ಕಿದ್ದೆಲ್ಲ ಭೂಮಿಯ ತಪ್ಪು ಎಂದು ವಿವರಿಸುತ್ತಿದ್ದರು. ವಿಮಾನಕ್ಕೆ ಇಷ್ಟು ನಿಷ್ಠಾವಂತ ವಕೀಲ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಲ್ಲ.

ಸಂಜೆ ಪಾತ್ರೆ ತೊಳೆಯುವ ಹೊತ್ತಿಗೆ ವರ ಬಂದ, ಸುಕ್ಕಾದ ಶರಟಿನಲ್ಲಿ. ಪ್ರಣತಿ ತಾನೇ ಎಲೆ ಹಾಕಿ ಬಡಿಸಿದಳು. ಅವನು ತುತ್ತು ಎತ್ತುವ ಮೊದಲೇ ಹೇಳಿದ:

“ಅಪ್ಪನ ಮಾತು ನಂಬ್‌ಬೇಡ. ಮನೆ ಬಾಗಿಲಿಂದ ಬಾಗಿಲಿಗೆ ಒಂದು ದಿನ ಪೂರಾ ಓಗುತ್ತೆ. ಯೋಚ್ನೆ ಮಾಡಿ ಒಪ್ಕೊ.”

ಬೆಳಗಿನಿಂದ ಕೇಳಿದ ಮೊದಲ ನಿಜ ಅದು. ಅವಳಿಗೆ ಅವನು ಹಿಡಿಸಿದ. ಒಪ್ಪಿಗೆ ಎಂದಳು. ಆದರೆ ಅತ್ತೆ ಮಾವ ಇಬ್ಬರೂ ಜೊತೆಗೆ ಹಾರಿ ಬಂದು ಹೊಸ ಮನೆ ಹೂಡಿಕೊಡಬೇಕು ಎಂದು ಕೇಳಿಕೊಂಡಳು.

ವೆಂಕಟರಾಮರ ಮುಖ ಬಿಳುಚಿತು. ಕಿವಿ ನೋವು ಎಂದರು, ಬಿ.ಪಿ. ಎಂದರು. ಭಾಮಾ ಇನ್ನು ತಡೆದುಕೊಳ್ಳಲಿಲ್ಲ. “ಇವರು ಆಸ್ಪತ್ರೆ ಲಿಫ್ಟ್‌ಗೇ ಕಾಲಿಡಲ್ಲ ಕಣಮ್ಮ. ಫ್ಲೈಟು ಬರೀ ಟೀವಿಲಿ ನೋಡವ್ರೆ.”

ಸುಬ್ಬರಾಯಪ್ಪ ಹೆಗಲ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಅದು ಕೆಮ್ಮು ಎಂದೇ ಎಲ್ಲರೂ ಮರ್ಯಾದೆಗೆ ನಂಬಿದರು.

ಮದುವೆಯಾಯಿತು. ಮಗ ಸೊಸೆ ಹಾರಿದರು. ವೆಂಕಟರಾಮ ಭಾಮಾರನ್ನು ಕರೆದುಕೊಂಡು, ಚೆನ್ನೈಯಲ್ಲಿ ರೈಲು ಬದಲಿಸಿ, ದಿನಗಟ್ಟಲೆ ಕುಲುಕಾಡಿಕೊಂಡು ಗುವಾಹಟಿ ತಲುಪಿದರು. ಸ್ಟೇಷನ್ನಿಗೆ ಬಂದ ಪ್ರಣತಿ, ತುಂಬಾ ಸುಸ್ತಾಯಿತಾ ಎಂದು ಅತ್ತೆಯನ್ನು ಕೇಳಿದಳು.

ಭಾಮಾರ ಮುಖ ಅರಳಿತ್ತು. ಬ್ರಹ್ಮಪುತ್ರ ನೋಡಿದ್ದನ್ನು ಹೇಳಿದರು. ಆಮೇಲೆ ದನಿ ತಗ್ಗಿಸಿ, “ಎದ್ದು ಓಗೋಕೆ ಜಾಗ ಇರ್ಲಿಲ್ಲವಲ್ಲ, ನಾನು ಆಡಿದ ಮಾತೆಲ್ಲ ಇವ್ರು ಕೂತು ಕೇಳುದ್ರು,” ಎಂದರು.